ಎಷ್ಟು ಪರ್ಸೆಂಟ್ ಅನ್ನೋದು ಎರಡನೇ ಪ್ರಶ್ನೆ

ಕಳೆದ ತಿಂಗಳು ಖಡಕಿ ಬಜಾರಿನ ಚಹಾ ಅಂಗಡಿ ಹತ್ತಿರ ಒಬ್ಬ ಹುಡುಗ ಸಿಕ್ಕ. ಬೈಲಹೊಂಗಲ ಕಡೆಯವನು. ಬಲಗಾಲಿಗೆ ಪಟ್ಟಿ, ಕಂಕುಳಲ್ಲಿ ಊರುಗೋಲು, ಕೈಯಲ್ಲಿ ಆಸ್ಪತ್ರೆಯ ಕಂದು ಲಕೋಟೆ. ಫೋನಿನಲ್ಲಿ ಕನ್ನಡ ಮಾತಾಡೋದು ಕೇಳಿ ನಾನೇ ಮಾತಾಡಿಸಿದೆ. ನಮ್ಮ ಕಾಕಾ ಕೂಡ ಫೌಜಿನಲ್ಲಿದ್ದವರು ಅಂತ ಗೊತ್ತಾದ ಕೂಡಲೇ ಅವನು ಕೇಳಿದ್ದು ಒಂದೇ ಮಾತು: "ಅಕ್ಕಾರ, ನನಗ ಎಷ್ಟ್ ಪರ್ಸೆಂಟ್ ಕೊಡ್ತಾರ್ರೀ?"

ಪುಣೆಯಲ್ಲಿರುವ ನಮಗೆ ಈ ಪ್ರಶ್ನೆ ಹೊಸದಲ್ಲ. ಇದು ಫೌಜಿ ಆಸ್ಪತ್ರೆಗಳ ಊರು. ವಾನವಡಿಯಲ್ಲಿ ಕಮಾಂಡ್ ಆಸ್ಪತ್ರೆ, ಖಡಕಿಯಲ್ಲಿ ಮಿಲಿಟರಿ ಆಸ್ಪತ್ರೆ. ಕೈಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಕೂಡಿಸುವ ಆರ್ಟಿಫಿಷಿಯಲ್ ಲಿಂಬ್ ಸೆಂಟರ್ 1944ರಿಂದ ಇಲ್ಲೇ ಇದೆ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರಿಗಾಗಿ ಖಡಕಿಯ ಪ್ಯಾರಾಪ್ಲೆಜಿಕ್ ಕೇಂದ್ರ 1974ರಲ್ಲಿ ಶುರುವಾಯಿತು. ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರಿನಲ್ಲಿ ತರಬೇತಿ ಮುಗಿಸಿ ದೇಶದ ಯಾವುದೋ ಮೂಲೆಗೆ ಹೋದ ನಮ್ಮ ಕಡೆಯ ಹುಡುಗರು ಪೆಟ್ಟು ತಿಂದು ಇಲ್ಲಿಗೆ ಬರುತ್ತಾರೆ. ಬಂದವರೆಲ್ಲ ಮೊದಲು ಕೇಳೋದು ಪರ್ಸೆಂಟ್ ಬಗ್ಗೆಯೇ, ಅಂದರೆ ಅಂಗವೈಕಲ್ಯ ಎಷ್ಟು ಅಂತ ಡಾಕ್ಟರ್‌ಗಳು ಬರೆಯುವ ಅಂಕಿ.

ಅವನಿಗೆ ನಾನು ಹೇಳಿದ್ದು, ತಮ್ಮಾ, ಅದು ಎರಡನೇ ಪ್ರಶ್ನೆ. ಮೊದಲನೇ ಪ್ರಶ್ನೆ, ಈ ಪೆಟ್ಟು ಫೌಜಿನ ಕೆಲಸದಿಂದ ಆಯ್ತು ಅಂತ ನಿನ್ನ ಕಾಗದ ಹೇಳ್ತದೋ ಇಲ್ಲವೋ ಅನ್ನೋದು. ಅದಕ್ಕೆ 'ಇಲ್ಲ' ಅಂತ ಉತ್ತರ ಬಂದರೆ ಪರ್ಸೆಂಟ್ 20 ಇರಲಿ, 80 ಇರಲಿ, ಡಿಸೆಬಿಲಿಟಿ ಪೆನ್ಶನ್ ಇಲ್ಲ.

ಇದನ್ನು ನಾನು ಓದಿ ಕಲಿತದ್ದಲ್ಲ. ಕಾಕಾ ಮೂರು ವರ್ಷ ಅಲೆದದ್ದನ್ನು ನೋಡಿ ಕಲಿತದ್ದು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಈ ಉತ್ತರಗಳನ್ನು ಬರೆಯುವ ಬೋರ್ಡ್ ಅಂದರೇನು ನೋಡೋಣ.

ಫೌಜಿಗಳು ಸುಮ್ನೆ 'ಬೋರ್ಡ್' ಅನ್ನುತ್ತಾರೆ. 'ನನ್ನ ಬೋರ್ಡ್ ಆಯ್ತು', 'ಅವನನ್ನ ಬೋರ್ಡ್ ಔಟ್ ಮಾಡಿದ್ರು'. ಸಾಮಾನ್ಯವಾಗಿ ಮೂವರು ಮಿಲಿಟರಿ ಡಾಕ್ಟರ್‌ಗಳು ಕೂತು ಒಬ್ಬನ ದೇಹಸ್ಥಿತಿಯ ಬಗ್ಗೆ ಬರೆದುಕೊಡುವ ತೀರ್ಮಾನ ಅದು. ಆದರೆ ಬೋರ್ಡ್ ಒಂದೇ ಅಲ್ಲ, ಮೂರು ಬಗೆ. ನೌಕರಿಯಲ್ಲಿದ್ದಾಗಲೇ ಗಾಯವಾಗಿ ಅಥವಾ ಕಾಯಿಲೆಯಾಗಿ ಕ್ಯಾಟಗರಿ ಇಳಿಸುವುದು, ಆಮೇಲೆ ಅದನ್ನು ಮತ್ತೆ ಮತ್ತೆ ನೋಡುವುದು ರೀಕ್ಯಾಟ್ ಬೋರ್ಡ್. ಇನ್ನು ನೌಕರಿ ಮಾಡಲಾಗುವುದಿಲ್ಲ ಅಂತ ಅವಧಿಗೆ ಮೊದಲೇ ಮನೆಗೆ ಕಳಿಸುವುದು ಇನ್‌ವ್ಯಾಲಿಡಿಂಗ್ ಬೋರ್ಡ್. ಕ್ಯಾಟಗರಿ ಇಳಿದಿದ್ದರೂ ಹಗುರ ಕೆಲಸ ಮಾಡಿಕೊಂಡು ಅವಧಿ ಮುಗಿಸಿ ನಿವೃತ್ತನಾಗುವವನಿಗೆ ಕೊನೆಯಲ್ಲಿ ಆಗುವುದು ರಿಲೀಸ್ ಬೋರ್ಡ್. ಪೆನ್ಶನ್ನಿನ ಹಣೆಬರಹ ಬರೆಯುವುದು ಕೊನೆಯ ಎರಡು ಬೋರ್ಡ್‌ಗಳು. ಆದರೆ ಅವು ಬರೆಯುವುದು ಅಷ್ಟೂ ವರ್ಷಗಳ ಹಳೆಯ ಕಾಗದ ನೋಡಿಕೊಂಡು. ಬೋರ್ಡಿನ ದಿನ ಹೊಸದಾಗಿ ಹೇಳಿದ ಮಾತಿಗೆ ತೂಕ ಕಡಿಮೆ.

ಕ್ಯಾಟಗರಿ ಅನ್ನೋದು ಷೇಪ್ ಎನ್ನುವ ಐದು ಅಕ್ಷರದ ಲೆಕ್ಕ. ಎಸ್ ಅಂದರೆ ಮನಸ್ಸು, ಎಚ್ ಅಂದರೆ ಕಿವಿ, ಎ ಅಂದರೆ ಕೈಕಾಲು, ಪಿ ಅಂದರೆ ಒಟ್ಟಾರೆ ದೇಹಶಕ್ತಿ, ಇ ಅಂದರೆ ಕಣ್ಣು. ಒಂದೊಂದಕ್ಕೂ 1ರಿಂದ 5ರವರೆಗೆ ಅಂಕಿ. ಎಲ್ಲದರಲ್ಲೂ 1 ಇದ್ದರೆ 'ಷೇಪ್ ಒನ್', ಅಂದರೆ ಎಲ್ಲ ಕೆಲಸಕ್ಕೂ ಸೈ. 5 ಅಂದರೆ ಫೌಜಿನ ಯಾವ ಕೆಲಸಕ್ಕೂ ಆಗುವುದಿಲ್ಲ. ನಡುವಿನ ಅಂಕಿ ಬಂದವರನ್ನು 'ಲೋ ಮೆಡಿಕಲ್' ಅನ್ನುತ್ತಾರೆ. ಎತ್ತರದ ಜಾಗ ಬೇಡ, ಭಾರ ಎತ್ತುವುದು ಬೇಡ ಎನ್ನುವಂಥ ಷರತ್ತು ಅವರಿಗೆ ಬೀಳುತ್ತದೆ. ಇದು ಭೂಸೇನೆಯ ಪದ್ಧತಿ. ನೌಕಾಪಡೆ, ವಾಯುಪಡೆಯಲ್ಲಿ ಬರೆಯುವ ರೀತಿ ಬೇರೆ, ಆಶಯ ಒಂದೇ.

ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. ಕ್ಯಾಟಗರಿ ಬೇರೆ, ಪರ್ಸೆಂಟ್ ಬೇರೆ. ನಿನ್ನಿಂದ ಯಾವ ಕೆಲಸ ಮಾಡಿಸಬಹುದು ಅನ್ನೋದು ಕ್ಯಾಟಗರಿ. ನಿನ್ನ ದೇಹ ಎಷ್ಟು ಕಳೆದುಕೊಂಡಿದೆ ಅನ್ನೋದು ಪರ್ಸೆಂಟ್. ಇವೆರಡರ ಪಕ್ಕದಲ್ಲಿ ಮೂರನೆಯದೊಂದು ಕಾಲಂ ಇರುತ್ತದೆ: ಇದು ಸೇವೆಯಿಂದ ಬಂದದ್ದಾ? ಅಥವಾ ಸೇವೆಯಿಂದ ಹೆಚ್ಚಾದದ್ದಾ? ಅಥವಾ ಎರಡೂ ಅಲ್ಲವಾ? 'ಎರಡೂ ಅಲ್ಲ' ಅಂತ ಬರೆದರೆ ಫೌಜಿಗಳ ಬಾಯಲ್ಲಿ ಅದು 'ನಾನಾ'. ಇಂಗ್ಲಿಷ್ ಮಾತಿನ ಮೊದಲ ಅಕ್ಷರಗಳನ್ನು ಸೇರಿಸಿ ಮಾಡಿಕೊಂಡ ಹೆಸರು. 'ನಾನಾ ಬಂತು' ಅಂತ ಯಾರಾದರೂ ಹೇಳಿದರೆ ಅವರ ಮುಖ ನೋಡಲು ಆಗುವುದಿಲ್ಲ.

ನಮ್ಮ ಕಾಕಾನಿಗೆ ಬಂದದ್ದು ಅದೇ.

ಕಾಕಾ ಹವಾಲ್ದಾರ್ ಆಗಿದ್ದಾಗ ಯೂನಿಟ್ಟಿನ ವಾಲಿಬಾಲ್ ಪಂದ್ಯದಲ್ಲಿ ಎಡ ಮೊಣಕಾಲು ತಿರುಚಿಕೊಂಡರು. ಮೊಣಕಾಲೊಳಗಿನ ಲಿಗಮೆಂಟ್ ಹರಿದಿತ್ತು. ಆ ಹೊತ್ತಿಗೆ ಯಾರಿಗೂ ಅದು ಗೊತ್ತಿರಲಿಲ್ಲ. ಯೂನಿಟ್ಟಿನ ಚಿಕಿತ್ಸಾ ಕೋಣೆಯಾದ ಎಂಐ ರೂಮಿನಲ್ಲಿ ಪಟ್ಟಿ ಕಟ್ಟಿ, ಮಾತ್ರೆ ಕೊಟ್ಟು ಕಳಿಸಿದರು. ಚೀಟಿಯಲ್ಲಿ 'ಉಳುಕು' ಅಂತ ಒಂದೇ ಪದ. ಇಂಜುರಿ ರಿಪೋರ್ಟ್ ಯಾರೂ ಮಾಡಲಿಲ್ಲ, ಕಾಕಾ ಕೇಳಲೂ ಇಲ್ಲ. ಆಮೇಲೆ ಆಪರೇಷನ್, ಕ್ಯಾಟಗರಿ, ಹಗುರ ಡ್ಯೂಟಿ, ಎಂಟು ವರ್ಷ. ರಿಲೀಸ್ ಬೋರ್ಡಿನಲ್ಲಿ 20 ಪರ್ಸೆಂಟ್ ಬರೆದರು. ಪಕ್ಕದ ಕಾಲಂನಲ್ಲಿ 'ನಾನಾ'. ಕಾರಣ ಅಂತ ಅರ್ಧ ಸಾಲು: ಇಂಜುರಿ ರಿಪೋರ್ಟ್ ಇಲ್ಲ.

ನಿಯಮ ಏನು ಹೇಳುತ್ತದೆ ಗೊತ್ತಾ? ಕಾಕಾ ನಿವೃತ್ತರಾದ ಕಾಲದಲ್ಲಿ ನಡೆಯುತ್ತಿದ್ದ 1982ರ ನಿಯಮಗಳ ಪ್ರಕಾರ ಡ್ಯೂಟಿ ಅಂದರೆ ಬರೀ ಗಡಿಯಲ್ಲಿ ಬಂದೂಕು ಹಿಡಿದು ನಿಲ್ಲುವುದಲ್ಲ. ಪಿಟಿ, ಪರೇಡು, ಯೂನಿಟ್ ಏರ್ಪಡಿಸಿದ ಅಥವಾ ಒಪ್ಪಿಗೆ ಕೊಟ್ಟ ಆಟ, ಡ್ಯೂಟಿಗೆ ಹೋಗಿಬರುವ ದಾರಿ, ಎಲ್ಲ ಅದರಲ್ಲಿ ಸೇರುತ್ತದೆ. ಅಂದರೆ ಕಾಕಾನ ಮೊಣಕಾಲು ಹಕ್ಕಿನಿಂದಲೇ ಸೇವೆಯ ಪೆಟ್ಟು. ಆದರೆ ಹಾಗಂತ ಹೇಳುವ ಕಾಗದ ಇರಲಿಲ್ಲ.

ಆ ಕಾಗದದ ಹೆಸರೇ ಇಂಜುರಿ ರಿಪೋರ್ಟ್. ಫಾರ್ಮಿನ ನಂಬರ್ ಐಎಎಫ್‌ವೈ 2006. ಯಾವ ದಿನ, ಯಾವ ಹೊತ್ತು, ಎಲ್ಲಿ, ಹೇಗೆ ಪೆಟ್ಟಾಯ್ತು, ಆಗ ಡ್ಯೂಟಿ ಮೇಲಿದ್ದನೋ ಇಲ್ಲವೋ, ತಪ್ಪು ಯಾರದು, ಇಷ್ಟನ್ನೂ ಬರೆದು ಡಾಕ್ಟರ್ ಮತ್ತು ಕಮಾಂಡಿಂಗ್ ಆಫೀಸರ್ ಸಹಿ ಹಾಕಬೇಕು. ಪೆಟ್ಟು ದೊಡ್ಡದಾಗಿದ್ದರೆ ಕೋರ್ಟ್ ಆಫ್ ಇನ್‌ಕ್ವೈರಿ ನಡೆಯುತ್ತದೆ, ಕಂಡವರ ಹೇಳಿಕೆ ದಾಖಲಾಗುತ್ತದೆ. ಜೊತೆಯಲ್ಲಿದ್ದವರಿಗೆ ನೆನಪು ಹಸಿಯಾಗಿರುವಾಗಲೇ ಇದು ಆಗಬೇಕು. ಎಂಟು ವರ್ಷದ ಮೇಲೆ ಒಬ್ಬ ಅಸ್ಸಾಮಿನಲ್ಲಿ, ಒಬ್ಬ ರಾಜಸ್ಥಾನದಲ್ಲಿ, ಒಬ್ಬ ಊರು ಸೇರಿ ಹೊಲ ಮಾಡುತ್ತಿರುತ್ತಾನೆ. ಯಾರನ್ನ ಹುಡುಕೋದು?

ಕೊನೆಗೆ ಕಾಕಾನನ್ನು ಕಾಪಾಡಿದ್ದು ಕಪ್ಪು ಟ್ರಂಕು. ಪ್ರತಿ ಫೌಜಿ ಮನೆಯಲ್ಲೂ ಇರುತ್ತಲ್ಲ, ಬಿಳಿ ಬಣ್ಣದಲ್ಲಿ ನಂಬರ್, ಹೆಸರು ಬರೆದ ಕಬ್ಬಿಣದ ಟ್ರಂಕು, ಅದು. ಕಾಕಾನ ಹೆಂಡತಿ ಕಾಕೂ ಒಂದು ಮಧ್ಯಾಹ್ನ ಪೂರಾ ಅದನ್ನು ಬಿಚ್ಚಿ ಹಾಸಿಗೆ ಮೇಲೆ ಹರಡಿದರು. ಹಳೇ ಉಣ್ಣೆಯ ಸ್ವೆಟರ್, ನ್ಯಾಫ್ತಲಿನ್ ಗುಳಿಗೆ, ಮಕ್ಕಳ ಮಾರ್ಕ್ಸ್ ಕಾರ್ಡ್. ಅದರ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಆಪರೇಷನ್ ಆದಾಗಿನ ಡಿಸ್ಚಾರ್ಜ್ ಸ್ಲಿಪ್. ಮಡಿಕೆಯ ಜಾಗದಲ್ಲಿ ಹರಿದು ಎರಡಾಗುವಂತಿತ್ತು. ಅದರಲ್ಲಿ ಮೇಲಿನಿಂದ ಮೂರನೇ ಸಾಲು, ನೀಲಿ ಶಾಯಿಯಲ್ಲಿ ಯಾವನೋ ಪುಣ್ಯಾತ್ಮ ಡಾಕ್ಟರ್ ಬರೆದಿದ್ದ: ಯೂನಿಟ್ ವಾಲಿಬಾಲ್ ಪಂದ್ಯದಲ್ಲಿ ಪೆಟ್ಟು. ಜೊತೆಗೆ ತಾರೀಖು. ಕಾಕೂ ಅದನ್ನು ಎರಡು ಸಲ ಓದಿಸಿ ಕೇಳಿದರು. ಮೊದಲ ಅಪೀಲು ಆಗಲೇ ತಿರಸ್ಕಾರ ಆಗಿತ್ತು. ಎರಡನೇ ಅಪೀಲಿಗೆ ಈ ಸ್ಲಿಪ್ ಮತ್ತು ಅದೇ ಟೀಮಿನಲ್ಲಿ ಆಡಿದ ಇಬ್ಬರ ಬರಹದ ಹೇಳಿಕೆ ಸೇರಿಸಿದೆವು. ಅದು ಗೆದ್ದಿತು.

ಗಾಯಕ್ಕಿಂತ ಕಾಯಿಲೆಯ ಲೆಕ್ಕ ಕಷ್ಟ. ಬಿಪಿ, ಹೃದಯ, ಫಿಟ್ಸ್, ಮನಸ್ಸಿನ ಕಾಯಿಲೆ, ಇವು ಒಂದು ದಿನ ಒಂದು ಹೊತ್ತಿಗೆ ಬರುವಂಥವಲ್ಲ. ಎಷ್ಟೋ ಬೋರ್ಡ್‌ಗಳು 'ಪೀಸ್ ಸ್ಟೇಷನ್ನಿನಲ್ಲಿ, ಅಂದರೆ ಕಾದಾಟವಿಲ್ಲದ ಜಾಗದಲ್ಲಿ ಇದ್ದಾಗ ಶುರುವಾಯ್ತು, ಆದ್ದರಿಂದ ಸೇವೆಗೆ ಸಂಬಂಧವಿಲ್ಲ' ಅಂತ ಬರೆದುಬಿಡುತ್ತವೆ. ಇಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪು ಸಾವಿರಾರು ಜನರಿಗೆ ದಾರಿಯಾಗಿದೆ. ಅದು 2013ರ ಧರಮ್‌ವೀರ್ ಸಿಂಗ್ ಪ್ರಕರಣ. ಕೋರ್ಟು ಹೇಳಿದ್ದು ಸರಳ. ಭರ್ತಿ ಮಾಡಿಕೊಳ್ಳುವಾಗ ನಿಮ್ಮದೇ ಡಾಕ್ಟರ್‌ಗಳು ಪರೀಕ್ಷೆ ಮಾಡಿದ್ದೀರಿ. ಆಗ ಈ ಕಾಯಿಲೆ ಇದೆ ಅಂತ ಬರೆದಿಲ್ಲ. ಈಗ ಕಾಯಿಲೆ ಬಂದಿದೆ ಅಂದರೆ ಸೇವೆಯಿಂದ ಬಂತು ಅಂತಲೇ ಹಿಡಿಯಬೇಕು. ಅಲ್ಲ ಅನ್ನುವುದಾದರೆ ಅದನ್ನು ತೋರಿಸುವ ಹೊಣೆ ಇಲಾಖೆಯದು, ಸೈನಿಕನದಲ್ಲ. 2025ರಲ್ಲಿ ಇನ್ನೊಂದು ತೀರ್ಪು ಬಂತು. ಸ್ಕಿಜೋಫ್ರೇನಿಯಾ ಅಂತ ಹೊರಗೆ ಕಳಿಸಿದ ಸೈನಿಕನ ಪ್ರಕರಣ ಅದು. ಮೆಡಿಕಲ್ ಬೋರ್ಡ್ ಕಾರಣ ಕೊಡದೆ ಸುಮ್ನೆ 'ಇಲ್ಲ' ಅಂದರೆ ಆ ಅಭಿಪ್ರಾಯವನ್ನೇ ಹಿಡಿದು ಪೆನ್ಶನ್ ತಡೆಯುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ನನಗೆ ಇದು ಬಹಳ ದೊಡ್ಡ ಮಾತು ಅನ್ನಿಸುತ್ತದೆ. ಮನಸ್ಸಿನ ಕಾಯಿಲೆ ಬಂದವನು ತನ್ನ ಪರವಾಗಿ ವಾದ ಮಾಡುವುದು ಎಷ್ಟು ಕಷ್ಟ ಅಲ್ವಾ?

ರಜೆಯಲ್ಲಿ ಆದ ಪೆಟ್ಟಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಉತ್ತರ, ಎಲ್ಲಿ ಆಯ್ತು ಅನ್ನುವುದರ ಮೇಲೆ. ಡ್ಯೂಟಿಯ ಜಾಗದಿಂದ ಊರಿಗೆ, ಊರಿಂದ ವಾಪಸ್ ಹೋಗುವ ದಾರಿ ಡ್ಯೂಟಿಯ ಭಾಗ. ರಜೆ ಮೇಲೆ ಊರಿಗೆ ಹೋಗುತ್ತಾ ರೈಲಿನಿಂದ ಇಳಿಯುವಾಗ ಬಿದ್ದು ಕೈ ಕಳೆದುಕೊಂಡ ಸೈನಿಕನಿಗೆ 1999ರಲ್ಲಿ ಸುಪ್ರೀಂ ಕೋರ್ಟ್ ಪೆನ್ಶನ್ ಕೊಡಿಸಿತು. ಟಿಕೆಟ್ ಅವನೇ ಕೊಂಡದ್ದು, ಸರ್ಕಾರ ಕೊಟ್ಟದ್ದಲ್ಲ ಅನ್ನುವ ವಾದವನ್ನು ಒಪ್ಪಲಿಲ್ಲ. ಆದರೆ ಊರು ಸೇರಿದ ಮೇಲೆ ಸ್ವಂತ ಕೆಲಸಕ್ಕೆ ಹೋಗಿ ರಸ್ತೆಯಲ್ಲಿ ಅಪಘಾತವಾದರೆ ಬೇರೆ ಮಾತು. ಅಂಥ ಪ್ರಕರಣದಲ್ಲಿ 2011ರಲ್ಲಿ ಅದೇ ಕೋರ್ಟು ಆಗುವುದಿಲ್ಲ ಅಂದಿತು. ಪೆಟ್ಟಿಗೂ ಫೌಜಿನ ಕೆಲಸಕ್ಕೂ ಒಂದು ಎಳೆ ಇರಬೇಕು.

ಈಗ ಪರ್ಸೆಂಟಿಗೆ ಬರೋಣ. ಡಾಕ್ಟರ್‌ಗಳು ತಮಗೆ ತೋಚಿದಷ್ಟು ಬರೆಯುವುದಿಲ್ಲ. ಅವರಿಗೆ ಒಂದು ಮಾರ್ಗದರ್ಶಿ ಪುಸ್ತಕ ಇದೆ. ಯಾವ ಕೀಲು ಎಷ್ಟು ಬಗ್ಗುತ್ತದೆ, ಯಾವ ಬೆರಳು ಹೋಗಿದೆ, ಎಷ್ಟು ಕೇಳಿಸುತ್ತದೆ ಅಂತ ನೋಡಿ ಅಂಕಿ ಕೊಡುತ್ತಾರೆ. ಬೋರ್ಡಿಗೆ ಮೊದಲು ಆಯಾ ತಜ್ಞರು ನೋಡಿ ಅಭಿಪ್ರಾಯ ಬರೆಯುತ್ತಾರೆ. ಕಾಲಿನದಾದರೆ ಮೂಳೆಯ ಡಾಕ್ಟರ್, ಕಿವಿಯದಾದರೆ ಇಎನ್‌ಟಿ. ಆ ದಿನ ಧೈರ್ಯ ತೋರಿಸುವುದು ಬೇಡ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನಮ್ಮ ಹುಡುಗರಿಗೆ 'ಠೀಕ್ ಹೂಂ ಸಾಬ್' ಅಂತ ಹೇಳಿ ಅಭ್ಯಾಸ. ಮೊಣಕಾಲು ಎಷ್ಟು ಬಗ್ಗುತ್ತದೆ ಅಂತ ಕೇಳಿದರೆ ಹಲ್ಲು ಕಚ್ಚಿ ಪೂರ್ತಿ ಬಗ್ಗಿಸಿ ತೋರಿಸುತ್ತಾರೆ. ಸುಳ್ಳು ಹೇಳಬೇಕಿಲ್ಲ. ಎಲ್ಲಿ ನೋಯುತ್ತದೋ ಅಲ್ಲಿ 'ನೋಯ್ತದೆ' ಅಂದರೆ ಸಾಕು.

ಎರಡು ಮೂರು ತೊಂದರೆ ಇದ್ದರೆ ಅಂಕಿಗಳನ್ನು ಸುಮ್ನೆ ಕೂಡುವುದಿಲ್ಲ. ಎಲ್ಲ ಸೇರಿ ದೇಹದ ಮೇಲೆ ಆದ ಒಟ್ಟು ಪರಿಣಾಮ ನೋಡಿ ಒಂದು ಅಂಕಿ ಬರೆಯುತ್ತಾರೆ. 20ಕ್ಕೆ 30 ಸೇರಿದರೆ 50 ಆಗಬೇಕಲ್ಲ ಅಂತ ಜಗಳ ಮಾಡಿ ಉಪಯೋಗವಿಲ್ಲ.

ಆದರೆ 20 ಅನ್ನುವ ಅಂಕಿಯ ಬಗ್ಗೆ ಮಾತ್ರ ಎಚ್ಚರ ಬೇಕು. ಅವಧಿ ಮುಗಿಸಿ ಹೊರಬರುವವನಿಗೆ 20ಕ್ಕಿಂತ ಕಡಿಮೆ ಬಂದರೆ ಡಿಸೆಬಿಲಿಟಿಯ ದುಡ್ಡು ಇಲ್ಲ. 20 ಬಂದರೆ? ಅಲ್ಲಿ ಬ್ರಾಡ್ ಬ್ಯಾಂಡಿಂಗ್ ಅಂತ ಒಂದು ಪದ್ಧತಿ ಇದೆ, 1996ರಿಂದ ಲೆಕ್ಕ. 50ರೊಳಗಿನ ಅಂಕಿಯನ್ನು 50 ಅಂತ ಹಿಡಿಯುತ್ತಾರೆ. 50ರಿಂದ 75ರವರೆಗೆ ಇದ್ದರೆ 75. ಅದರ ಮೇಲಿದ್ದರೆ 100. ಅಂದರೆ 19ಕ್ಕೆ ಸೊನ್ನೆ, 20ಕ್ಕೆ 50. ಒಂದು ಅಂಕಿಯ ಅಂತರದಲ್ಲಿ ಜೀವನಪೂರ್ತಿಯ ದುಡ್ಡು ಇದೆ. ಮೊದಲು ಈ ಸೌಲಭ್ಯ ಬೋರ್ಡ್ ಔಟ್ ಆದವರಿಗೆ ಮಾತ್ರ ಇತ್ತು. ಅವಧಿ ಮುಗಿಸಿ ನಿವೃತ್ತರಾದವರಿಗೂ ಕೊಡಬೇಕು ಅಂತ 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ರಾಮ್ ಅವತಾರ್ ಪ್ರಕರಣದಲ್ಲಿ ತೀರ್ಮಾನ ಮಾಡಿತು. ಕಾಕಾನ 20 ಕಾಗದದ ಮೇಲೆ 50 ಆದದ್ದು ಇದೇ ದಾರಿಯಲ್ಲಿ.

ದುಡ್ಡಿನ ಲೆಕ್ಕವನ್ನು ಒಂದು ಉದಾಹರಣೆ ಹಿಡಿದು ನೋಡಿ. ಕೊನೆಯ ತಿಂಗಳ ಲೆಕ್ಕಕ್ಕೆ ಬರುವ ಸಂಬಳ 40,000 ರೂಪಾಯಿ ಅಂತ ಇಟ್ಟುಕೊಳ್ಳೋಣ. ಅದರ ಅರ್ಧ, 20,000, ಸೇವೆಯ ಪೆನ್ಶನ್. ಡಿಸೆಬಿಲಿಟಿ ಭಾಗ ಬೇರೆ. ಪೂರ್ತಿ 100 ಪರ್ಸೆಂಟ್ ಇದ್ದರೆ ಸಂಬಳದ 30 ಪರ್ಸೆಂಟ್, ಅಂದರೆ 12,000. 50 ಅಂತ ಹಿಡಿದರೆ ಅದರ ಅರ್ಧ, 6,000. ಒಟ್ಟು 26,000, ಅದರ ಮೇಲೆ ತುಟ್ಟಿಭತ್ಯೆ. ಪೆಟ್ಟು ಯುದ್ಧದಲ್ಲಿ ಅಥವಾ ಶತ್ರುವಿನ ದಾಳಿಯಲ್ಲಿ ಆದದ್ದಾದರೆ ಅದು ವಾರ್ ಇಂಜುರಿ. ಅವಧಿ ಮುಗಿಸಿ ಬಂದವರಿಗೆ ಅಲ್ಲಿ 30ರ ಜಾಗದಲ್ಲಿ 60. ಗಾಯದಿಂದಲೇ ಬೋರ್ಡ್ ಔಟ್ ಆದವರಿಗೆ ಇನ್ನೂ ಜಾಸ್ತಿ. 100 ಪರ್ಸೆಂಟ್ ಆಗಿ ಸದಾ ಒಬ್ಬರ ಆಸರೆ ಬೇಕಾದವರಿಗೆ ಬೋರ್ಡ್ ಶಿಫಾರಸು ಮಾಡಿದರೆ ನೋಡಿಕೊಳ್ಳುವವರಿಗಾಗಿ ಭತ್ಯೆ ಕೂಡ ಇದೆ. ಖಡಕಿಯ ಕೇಂದ್ರದಲ್ಲಿ ಗಾಲಿಕುರ್ಚಿಯಲ್ಲಿ ಕೂತವರನ್ನು ನೋಡಿದರೆ ಅದು ಯಾಕೆ ಬೇಕು ಅಂತ ಹೇಳಬೇಕಿಲ್ಲ.

ಒಂದು ತಾರೀಖು ನೆನಪಿಡಿ, 2023ರ ಸೆಪ್ಟೆಂಬರ್ 21. ಆ ದಿನದಿಂದ ಹೊರಬರುವವರಿಗೆ ಹೊಸ ನಿಯಮಗಳು. ಬೋರ್ಡ್ ಔಟ್ ಆಗದೆ ಅವಧಿ ಮುಗಿಸಿ ಬರುವವರಿಗೆ ಸಿಗುವುದಕ್ಕೆ ಈಗ ಇಂಪೇರ್‌ಮೆಂಟ್ ರಿಲೀಫ್ ಅಂತ ಬೇರೆ ಹೆಸರಿದೆ. ಡಾಕ್ಟರ್‌ಗಳ ಮಾರ್ಗದರ್ಶಿಯನ್ನೂ ಹೊಸದಾಗಿ ಬರೆದಿದ್ದಾರೆ. ಅದಕ್ಕೂ ಮೊದಲು ಬಂದವರಿಗೆ ಹಳೆಯ ನಿಯಮವೇ. ಆದ್ದರಿಂದ ಕಾಕಾನ ಲೆಕ್ಕವನ್ನು ಈ ಹುಡುಗನಿಗೆ ಹಾಗೇ ಅಂಟಿಸುವಂತಿಲ್ಲ. ಬದಲಾಗದೇ ಇರುವುದು ಇಂಜುರಿ ರಿಪೋರ್ಟಿನ ಬೆಲೆ.

ಈ ಅಂಕಿ ಮನುಷ್ಯನ ಕೈಲಾಗುವುದನ್ನು ಅಳೆಯುವುದಿಲ್ಲ. ಪುಣೆಯವರಿಗೆ ಮುರಳೀಕಾಂತ್ ಪೇಟ್ಕರ್ ಗೊತ್ತು. 1965ರ ಯುದ್ಧದಲ್ಲಿ ಗುಂಡುಗಳು ಹೊಕ್ಕು ಸೊಂಟದ ಕೆಳಗೆ ಸ್ವಾಧೀನ ಹೋಯಿತು. 1972ರಲ್ಲಿ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜಿ ಭಾರತಕ್ಕೆ ಮೊದಲ ಚಿನ್ನ ತಂದರು. ನಮ್ಮ ಕಾಕಾ ಅವರ ಹೆಸರನ್ನು ಎದ್ದು ನಿಂತೇ ಹೇಳುತ್ತಾರೆ.

ಪರ್ಸೆಂಟ್ ಒಮ್ಮೆ ಬಂದ ಮೇಲೆ ಪದೇ ಪದೇ ಬೋರ್ಡಿಗೆ ಓಡಬೇಕಿಲ್ಲ. ಮೊದಲು ಕೆಲವು ವರ್ಷಕ್ಕೊಮ್ಮೆ ರಿಸರ್ವೇ ಬೋರ್ಡ್ ಅಂತ ಕರೆಯುತ್ತಿದ್ದರು. 2001ರ ಆದೇಶದಲ್ಲಿ ಅದನ್ನು ತೆಗೆದರು. ಶಾಶ್ವತ ಅಂತ ಬರೆದರೆ ಜೀವನಪೂರ್ತಿ. ತೊಂದರೆ ಹೆಚ್ಚಾಯ್ತು ಅಂತ ನೀವೇ ಕೇಳಿಕೊಂಡರೆ ಮಾತ್ರ ಮತ್ತೆ ನೋಡುತ್ತಾರೆ.

ತಿರಸ್ಕಾರ ಆದರೆ ಮೊದಲ ಅಪೀಲು 6 ತಿಂಗಳೊಳಗೆ, ಆಮೇಲೆ ಎರಡನೇ ಅಪೀಲು. ಅದೂ ಆಗದಿದ್ದರೆ ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್. 2007ರ ಕಾಯ್ದೆಯಡಿ ಬಂದ ನ್ಯಾಯಮಂಡಳಿ ಅದು. ಮಹಾರಾಷ್ಟ್ರ, ಗೋವಾ, ಗುಜರಾತಿನವರಿಗೆ ಮುಂಬೈ ಪೀಠ, ಕರ್ನಾಟಕದ ಊರಿಗೆ ಮರಳಿದವರಿಗೆ ಕೊಚ್ಚಿ ಪೀಠ. ಅಪೀಲಿಗೆ ಮೊದಲು ಬೋರ್ಡಿನ ಪೂರ್ತಿ ಕಾಗದದ ನಕಲು ಕೈಯಲ್ಲಿರಬೇಕು. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಕಾರಣದ ಕಾಲಂನಲ್ಲಿ ಏನು ಬರೆದಿದ್ದಾರೆ ಅಂತ ಓದದೆ ಬರೆದ ಅಪೀಲು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ವರ್ಷಗಟ್ಟಲೆ ತಡವಾಗಿದ್ದರೂ ಕೈ ಬಿಡಬೇಡಿ. ಪೆನ್ಶನ್ ತಿಂಗಳು ತಿಂಗಳು ಬರಬೇಕಾದ ಹಕ್ಕು, ಹಾಗಾಗಿ ಬಾಗಿಲು ಮುಚ್ಚುವುದಿಲ್ಲ. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನ ಪ್ರಕಾರ ಹಿಂಬಾಕಿ ಸಾಮಾನ್ಯವಾಗಿ ಅರ್ಜಿ ಹಾಕುವ ಹಿಂದಿನ 3 ವರ್ಷದ್ದು ಮಾತ್ರ. ತಡ ಮಾಡಿದಷ್ಟೂ ನಿಮ್ಮ ದುಡ್ಡೇ ಹೋಗುತ್ತದೆ.

ಇನ್ನೊಂದು ನನ್ನ ಮನಸ್ಸಿಗೆ ಚುಚ್ಚುವುದು. ಇಲ್ಲೇ ಖಡಕವಾಸಲಾದಲ್ಲಿ ಎನ್‌ಡಿಎ ಇದೆ, ಫೌಜಿನ ಅಧಿಕಾರಿಗಳಾಗುವವರಿಗೆ ತರಬೇತಿ ಕೊಡುವ ಅಕಾಡೆಮಿ. ಅಲ್ಲಿ ತರಬೇತಿಯಲ್ಲಿ ಬಿದ್ದು ಬೆನ್ನು ಮುರಿದುಕೊಂಡ ಕೆಡೆಟ್‌ಗಳಿಗೆ ಈ ಪೆನ್ಶನ್ ಇಲ್ಲ, ಮಾಜಿ ಸೈನಿಕ ಅನ್ನುವ ಹೆಸರೂ ಇಲ್ಲ. ಇನ್ನೂ ಕಮಿಷನ್ ಆಗಿಲ್ಲ, ಅಂದರೆ ಅಧಿಕಾರಿಯಾಗಿ ನೇಮಕವಾಗಿಲ್ಲ ಅನ್ನುವುದು ಕಾರಣ. ತಿಂಗಳಿಗೆ ಇಷ್ಟು ಅಂತ ಒಂದು ಪರಿಹಾರ ಮೊತ್ತ ಸಿಗುತ್ತದೆ, ಅಷ್ಟೇ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಈ ವಿಷಯ ಕೈಗೆತ್ತಿಕೊಂಡಿತು. ಅದೇ ತಿಂಗಳು ಸರ್ಕಾರ ಅವರಿಗೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಚಿಕಿತ್ಸೆಯ ಸೌಲಭ್ಯಕ್ಕೆ ಒಪ್ಪಿತು. ಹದಿನೆಂಟರ ಹುಡುಗ ದೇಶಕ್ಕಾಗಿ ಓಡುತ್ತಾ ಬಿದ್ದರೆ ಅವನ ಬೆನ್ನಿಗೆ ಬೆಲೆ ಕಡಿಮೆಯಾ? ನನಗೆ ಇದು ಒಪ್ಪಲಾಗುವುದಿಲ್ಲ.

ಚಹಾ ಅಂಗಡಿಯ ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ. ಲಕೋಟೆಯಲ್ಲಿ ಏನಿದೆ ತೋರಿಸು ಅಂದೆ. ಎಕ್ಸ್‌ರೇ ಇತ್ತು, ಆಸ್ಪತ್ರೆಯ ಚೀಟಿ ಇತ್ತು. ಇಂಜುರಿ ರಿಪೋರ್ಟ್ ಇರಲಿಲ್ಲ. ಅದು ಯೂನಿಟ್ಟಿನಲ್ಲಿ ಇರಬೇಕು ಅಂದ. ಇರಬೇಕು ಅನ್ನಬೇಡ, ಈಗಲೇ ಫೋನ್ ಮಾಡು ಅಂದೆ. ಅಲ್ಲೇ ಬೆಂಚಿನ ಮೇಲೆ ಊರುಗೋಲು ಒರಗಿಸಿ ಮಾಡಿದ.

ಮೊನ್ನೆ ರಾತ್ರಿ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ. ಪೆಟ್ಟಾದ ಜಾಗ, ಹೊತ್ತು, ಡ್ಯೂಟಿ ಮೇಲಿದ್ದ ಅನ್ನುವುದು, ಎಲ್ಲ ಸರಿಯಾಗಿ ತುಂಬಿದ್ದಾರೆ. ಡಾಕ್ಟರ್ ಸಹಿ ಇದೆ. ಕಮಾಂಡಿಂಗ್ ಆಫೀಸರ್ ಸಹಿಯ ಜಾಗ ಖಾಲಿ. ಬೋರ್ಡಿಗೆ ಇನ್ನೂ ಸಮಯ ಇದೆ. ನಾಳೆ ಹೆಡ್ ಕ್ಲರ್ಕ್ ಜೊತೆ ಮಾತಾಡುತ್ತಾನಂತೆ.